ಬಸ್ಸಿನ ಕಿಟಕಿಯ ತೋಟ

೧೯೯೧ರ ಬೇಸಿಗೆಯಲ್ಲಿ ಇನೆಜ್ ಮತ್ತು ಅವಳ ಗಂಡ ಲಿಗೋರಿ ಕುವೈತಿನ ಫಹಾಹೀಲಿನಲ್ಲಿದ್ದ ತಮ್ಮ ಫ್ಲ್ಯಾಟಿಗೆ ಮರಳಿದಾಗ ಅಲ್ಲಿ ಗೋಡೆಗಳನ್ನು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಯುದ್ಧದ ತಿಂಗಳುಗಳಲ್ಲಿ ಯಾರೋ ಫ್ರಿಜ್ಜು, ಮಂಚ, ಕೊನೆಗೆ ಪರದೆಯ ಸರಳನ್ನೂ ಹೊತ್ತೊಯ್ದಿದ್ದರು. ಕಿಟಕಿಯ ಗಾಜು ಒಡೆದು, ಆ ಜಾಗಕ್ಕೆ ಪ್ಲೈವುಡ್ ಬಡಿದಿದ್ದರು. ಹೊರಗೆ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಮಧ್ಯಾಹ್ನವೂ ಕಾರುಗಳು ದೀಪ ಹಾಕಿಕೊಂಡು ಓಡಾಡುತ್ತಿದ್ದವು.

ಇನೆಜ್ ನರ್ಸ್. ದಿನವಿಡೀ ಕೆಮ್ಮುವ ರೋಗಿಗಳ ನಡುವೆ ಇದ್ದು ಮನೆಗೆ ಬಂದರೆ ಮಸಿ ಹಿಡಿದ ಗೋಡೆ. ಕಣ್ಣಿಗೆ ಒಂದಿಷ್ಟು ಹಸಿರು ಬೇಕೆಂದು ಜೀವ ಹಂಬಲಿಸುತ್ತಿತ್ತು. ಮೇಲಿನ ಮಹಡಿಯಲ್ಲಿ ಉಪ್ಪಿನಂಗಡಿಯ ಆಸಿಯಮ್ಮ ಇದ್ದರು. ಯುದ್ಧದಲ್ಲೂ ಅವರು ಕುವೈತ್ ಬಿಟ್ಟು ಕದಲಿರಲಿಲ್ಲ. ಒಡೆಯದೆ ಉಳಿದ ಅವರ ಅಡುಗೆಮನೆಯ ಕಿಟಕಿಯಲ್ಲಿ, ಹಳೆಯ ಬೋಗುಣಿಯೊಳಗೆ ಲೋಳೆಸರ, ಕಾಡುಬಸಳೆ ತುಂಬಿಕೊಂಡಿದ್ದವು.

"ಯುದ್ಧದಲ್ಲಿ ಇವಕ್ಕೆ ನೀರು ಎಲ್ಲಿಂದ ತಂದ್ರಿ?" ಇನೆಜ್ ಕೇಳಿದಳು.

"ನಮಗೇ ನೀರಿರ್ಲಿಲ್ಲ ಬಾಯಮ್ಮ! ಇವು ಎಲೆಯೊಳಗೇ ನೀರು ಇಟ್ಕೊಳ್ತವೆ. ಈ ಕಾಡುಬಸಳೆಯ ಒಂದೆಲೆ ಮಣ್ಣಿನ ಮೇಲಿಡಿ, ಸಾಕು." ಆಸಿಯಮ್ಮ ಕೈತುಂಬ ಎಲೆ ಕಿತ್ತುಕೊಟ್ಟರು.

ಕಳ್ಳರು ಕೆಲಸಕ್ಕೆ ಬಾರದೆಂದು ಬಿಟ್ಟುಹೋದದ್ದೆಲ್ಲ ಕುಂಡವಾಯಿತು: ಮುಚ್ಚಳವಿಲ್ಲದ ಕುಕ್ಕರ್, ಹಿಡಿ ಮುರಿದ ಬಾಣಲೆ, ಹಾಲಿನ ಪುಡಿಯ ಡಬ್ಬಗಳು. ಮೀನಾ ಅಬ್ದುಲ್ಲಾದ ಎಣ್ಣೆ ಶುದ್ಧೀಕರಣ ಘಟಕದಲ್ಲಿ ವೆಲ್ಡರ್ ಆಗಿದ್ದ ಲಿಗೋರಿ ಗೊಣಗುತ್ತಲೇ ಅವುಗಳ ತಳಕ್ಕೆ ಡ್ರಿಲ್ ಹಿಡಿದ.

"ಕುಕ್ಕರಿಗೆ ತೂತು ಮಾಡಿಸುವ ಹೆಂಗಸನ್ನು ಇವತ್ತೇ ನೋಡಿದ್ದು ನಾನು."

ಇನೆಜ್ ಕಡಲತೀರದ ಮರಳು ತಂದು ತುಂಬಿದಳು. ಬೆಳಿಗ್ಗೆ ಸಂಜೆ ನೀರು ಹನಿಸಿದಳು. ಎಲೆಗಳೆಲ್ಲ ಕಪ್ಪಾಗಿ ಕೊಳೆತುಹೋದವು. ಆಸಿಯಮ್ಮ ಇಳಿದುಬಂದು ಚಿಟಿಕೆ ಮರಳನ್ನು ನಾಲಿಗೆಗಿಟ್ಟು ಮುಖ ಕಿವುಚಿದರು.

"ಉಪ್ಪು! ಮತ್ತೆ ನೀವು ನರ್ಸ್ ಅಂತ ದಿನಾ ಮದ್ದು ಕೊಟ್ಟ ಹಾಗೆ ನೀರು ಕೊಟ್ರೆ ಹೇಗೆ? ಅವನ್ನು ಸ್ವಲ್ಪ ಮರ್ತುಬಿಡಿ."

ಇನೆಜ್ ಮರಳನ್ನು ಮತ್ತೆ ಮತ್ತೆ ತೊಳೆದಳು. ಮುರಿದ ಇಟ್ಟಿಗೆಯನ್ನು ಕುಟ್ಟಿ ಬೆರೆಸಿದಳು. ಈ ಸಲ ಹೊಸದಾಗಿ ಕೇಳಿ ತಂದ ಕಾಡುಬಸಳೆಯ ಎಲೆಯಂಚಿನಲ್ಲಿ ಪುಟ್ಟ ಪುಟ್ಟ ಮರಿಗಳು ಕಣ್ಣುಬಿಟ್ಟವು. ಆದರೆ ಅವು ಬಿಳಿಚಿಕೊಂಡು, ಪ್ಲೈವುಡ್ಡಿನ ಸಂದಿಯ ಬೆಳಕಿನ ಕಡೆಗೆ ಕುತ್ತಿಗೆ ಚಾಚಿ ಉದ್ದುದ್ದ ಬೆಳೆದವು.

"ಕಿಟಕಿ ಬೇಕು," ಎಂದಳು ಇನೆಜ್.

"ಇಡೀ ಊರಿಗೇ ಗಾಜಿಲ್ಲ ಮಾರಾಯ್ತಿ. ನಾನೆಲ್ಲಿಂದ ತರಲಿ?"

ಆಸ್ಪತ್ರೆಯ ದಾರಿಯಲ್ಲಿ ಒಂದು ಗುಜರಿ ಅಂಗಳವಿತ್ತು. ಯುದ್ಧದಲ್ಲಿ ಸುಟ್ಟ ವಾಹನಗಳನ್ನು ಅಲ್ಲಿ ರಾಶಿ ಹಾಕಿದ್ದರು. ಒಂದು ಶಾಲಾ ಬಸ್ಸಿನ ಮುಂಭಾಗ ಕರಟಿದ್ದರೂ ಹಿಂದಿನ ಕಿಟಕಿಗಳು ಚೌಕಟ್ಟಿನ ಸಮೇತ ಹಾಗೇ ಇದ್ದವು. ಶುಕ್ರವಾರ ಇನೆಜ್ ಗಂಡನನ್ನು ಅಲ್ಲಿಗೆ ಎಳೆದೊಯ್ದಳು. ಲಿಗೋರಿ ಒಂದು ಕಿಟಕಿಯನ್ನು ಸರ್ ಎಂದು ಸರಿಸಿ ನೋಡಿದ. ಮುಖ ಅರಳಿತು. "ಇದು ಕೂತುಕೊಳ್ತದೆ!"

ಅವರು ಕೊಂಡುತಂದ ಬಸ್ಸಿನ ಕಿಟಕಿಯನ್ನು ಕಂಡು ಕಟ್ಟಡದ ಕಾವಲುಗಾರ ಮಾತ್ರ ಹೌಹಾರಿದ. "ಮಾಲೀಕರು ನೋಡಿದರೆ ನನ್ನ ಕೆಲಸ ಖಲಾಸ್!"

ಲಿಗೋರಿ ಕಿಟಕಿ ಕೂರಿಸಿಯೇಬಿಟ್ಟ. ನವೆಂಬರಿನಲ್ಲಿ ಕೊನೆಯ ಬಾವಿಯ ಬೆಂಕಿ ಆರಿತು. ಹೊಗೆ ಕರಗಿ, ಬಸ್ಸಿನ ಕಿಟಕಿಯಿಂದ ಬಿಸಿಲು ಒಳಗೆ ಸುರಿಯಿತು. ಗಿಡಗಳು ಗಟ್ಟಿಯಾಗಿ ಎದ್ದುನಿಂತವು. ಕ್ರಿಸ್ಮಸ್ಸಿನ ಹೊತ್ತಿಗೆ ಆಸಿಯಮ್ಮ ತಂದುಕೊಟ್ಟಿದ್ದ ದೊಡ್ಡ ಕಾಡುಬಸಳೆಯೊಂದು ಗೂಡುದೀಪಗಳಂತೆ ಕೆಂಪು ಹೂ ಇಳಿಬಿಟ್ಟಿತು.

ನೋಡಲು ಬಂದ ನೆರೆಯವರು ಎಲೆಯನ್ನೂ ಕೇಳಿದರು, ಕಿಟಕಿಯನ್ನೂ ಕೇಳಿದರು. ಲಿಗೋರಿಗೆ ರಜೆಯೆಲ್ಲ ಅದೇ ಕೆಲಸವಾಯಿತು. ಒಂದೊಂದೇ ಪ್ಲೈವುಡ್ ಹಲಗೆ ಕೆಳಗಿಳಿಯಿತು. ಕಿಟಕಿ ಕಿಟಕಿಯಲ್ಲೂ ಡಬ್ಬ, ಬಾಣಲೆ, ಕೆಟಲ್‌ಗಳಲ್ಲಿ ದಪ್ಪ ಎಲೆಗಳು ತಲೆಯೆತ್ತಿದವು. ಬೀದಿಯಲ್ಲಿ ಹೋಗುವವರು "ಈ ಬಸ್ಸು ಎಲ್ಲಿಗೆ ಹೋಗ್ತದೆ?" ಎಂದು ನಗುತ್ತಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ ಮಾಲೀಕರು ಬಂದರು. ಕಾರಿನಿಂದಿಳಿದು, ತಲೆಯೆತ್ತಿ, ಬಹಳ ಹೊತ್ತು ನೋಡಿದರು. ಕಾವಲುಗಾರ ಕಂಬದ ಹಿಂದೆ ಸರಿದ.

"ಇದು ಯಾರ ಕೆಲಸ?"

"ನನ್ನದು," ಎಂದಳು ಇನೆಜ್. ಮೇಲೆ ಬನ್ನಿ ಎಂದು ತಾನೇ ಮುಂದೆ ನಡೆದಳು.

ಮಾಲೀಕರು ಅವಳ ಹಿಂದೆ ಮೆಟ್ಟಿಲು ಹತ್ತಿದರು. ಕಿಟಕಿಯ ಬಳಿ ನಿಂತು ಒಂದು ಹೂವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರು. ಹಿಂದಿರುಗಿ ಇಳಿಯುವಾಗ, ಇನ್ನೂ ಹಲಗೆ ಬಡಿದೇ ಇದ್ದ ಮೆಟ್ಟಿಲ ತಿರುವಿನಲ್ಲಿ ನಿಂತರು.

"ಇದೊಂದನ್ನು ಯಾಕೆ ಬಿಟ್ಟಿರಿ?"

ಅದು ಒಪ್ಪಿಗೆಯೆಂದು ಇನೆಜಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಷ್ಟರಲ್ಲಿ ಕೆಳಗಿನಿಂದ ಲಿಗೋರಿ ಕಾವಲುಗಾರನಿಗೆ ಕೂಗಿದ: "ಯಲ್ಲಾ ಭಾಯಿ, ಬೇಗ ಏಣಿ ತಾ!"

ಏಣಿ ಬಂತು. ಗಂಡ ಹತ್ತುವ ಮೊದಲೇ ಇನೆಜ್ ಸುತ್ತಿಗೆ ಕಸಿದುಕೊಂಡು ತಾನೇ ಹತ್ತಿದಳು. ಹಲಗೆ ಕಳಚಿ ಬಿದ್ದು, ಬೆಳಕು ಮೆಟ್ಟಿಲ ಮೇಲಿಂದ ಕೆಳತನಕ ಹರಿಯುತ್ತಿದ್ದಂತೆ, ತೆರೆದ ಬಾಗಿಲುಗಳಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.