ಮಾವ ಕೊರೆಯಲು ಬಿಡದ ಮೆಟ್ಟಿಲು

ಮಾವ ಮೇಸ್ತ್ರಿಯಾಗಿ ನಿಂತು ಕಟ್ಟಿಸಿದ್ದ ಚಿತ್ರಮಂದಿರವನ್ನು ಕೆಡವಿದ ದಿನ ಅವರಿಗೆ ಊಟ ಸೇರಲಿಲ್ಲ. ಕೆಡವಿದ ಕಾಂಕ್ರೀಟೆಲ್ಲ ಬಂದು ಬಿದ್ದದ್ದು ಸೊಸೆ ಕೆಲಸ ಮಾಡುವ, ಕಟ್ಟಡ ಸಾಮಗ್ರಿ ಪರೀಕ್ಷಿಸುವ ಪ್ರಯೋಗಾಲಯದ ಅಂಗಳಕ್ಕೆ. ಅವಳು ಅದನ್ನು ಒಡೆಸಿ, ಹೊಸ ಜಲ್ಲಿಯ ಬದಲು ಅದನ್ನೇ ಹಾಕಿ, ಸಮುದ್ರಕ್ಕೆ ಮುಖ ಮಾಡಿದ್ದ ತಮ್ಮ ಮನೆಗೆ ಮೆಟ್ಟಿಲು ಕಟ್ಟಿಸಿದಳು. ಉಪ್ಪುಗಾಳಿಗೆ ಎಷ್ಟು ಕಾಲ ತಡೆಯುತ್ತದೆಂದು ನೋಡುವ ಆಸೆ ಅವಳಿಗೆ.

“ಹಳೇ ಕಾಂಕ್ರೀಟಿನ ಚೂರು ಒಂಟೆ ಹಾಗೆ ನೀರು ಕುಡಿಯುತ್ತೆ. ಎರಡು ಮಳೆಗಾಲ ಕಂಡ್ರೆ ಹೆಚ್ಚು,” ಎಂದರು ಮಾವ.

“ಅದಕ್ಕೇ ಮೊದಲೇ ಹೊಟ್ಟೆ ತುಂಬ ಕುಡಿಸಿದೀನಿ ಮಾವ. ಸಿಮೆಂಟಿಗೆ ಕಲ್ಲಿದ್ದಲಿನ ಬೂದಿನೂ ಬೆರೆಸಿದೀನಿ, ಉಪ್ಪು ಸುಲಭಕ್ಕೆ ಒಳಗೆ ಇಳಿಯಲ್ಲ.”

“ಕೈಯಂತೂ ಕೆಸರಾಯ್ತು. ಬಾಯಿ ಮೊಸರಾಗುತ್ತಾ ನೋಡೋಣ.”

ಮೊದಲ ವರ್ಷವೆಲ್ಲ ಮಾವ ಕನ್ನಡಕ ಏರಿಸಿಕೊಂಡು ಬಿರುಕು ಹುಡುಕಿದರು. ಸಿಗಲಿಲ್ಲ. ಬರಬರುತ್ತಾ ಹುಡುಕುವುದು ಬಿಟ್ಟು ಅಲ್ಲೇ ಕೂರತೊಡಗಿದರು. ಮೂರನೆಯ ಮೆಟ್ಟಿಲು ಅವರದೇ ಆಯಿತು; ಚಹಾ ಅಲ್ಲಿಗೇ ಬರಬೇಕು, ಪತ್ರಿಕೆಯೂ ಅಲ್ಲಿಗೇ. ದಾರಿಹೋಕರನ್ನು ಕರೆದು, “ನನ್ನ ಥಿಯೇಟರು ಇದು, ಕಾಲಿಟ್ಟು ನೋಡಿ,” ಎನ್ನುವರು.

ಕೆಲವು ವರ್ಷಗಳ ಮೇಲೆ ಸೊಸೆ ಕೊರೆಯುವ ಯಂತ್ರ ತಂದಾಗ ಮಾವ ತಮ್ಮ ಮೆಟ್ಟಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

“ಏಳಿ ಮಾವ, ಪರೀಕ್ಷೆಗೆ ಒಂದು ತುಂಡು ಬೇಕು.”

“ಚೆನ್ನಾಗಿರೋದನ್ನ ಯಾಕಮ್ಮ ಕೊರೀತೀಯ? ಗಟ್ಟಿಯಾಗಿದೀನಾ ಅಂತ ನಾಳೆ ನನ್ನನ್ನೂ ಕೊರೀತೀಯಾ?”

ಬಾಗಿಲಲ್ಲಿ ನಿಂತಿದ್ದ ಅತ್ತೆ, “ಮದುವೆಯಾದಾಗಿನಿಂದ ಈ ಮನೇಲಿ ಕೊರೀತಾ ಇರೋದು ನೀವೊಬ್ಬರೇ. ಇವತ್ತೊಂದಿನ ಅವಳಿಗೂ ಬಿಡಿ,” ಎಂದರು.

ಮಾವ ನಗು ತಡೆಯಲಾಗದೆ ಎದ್ದರು.

ಕೊರೆದು ತೆಗೆದ ತುಂಡನ್ನು ಸೀಳಲು ಸೊಸೆ ಉಳಿ ಇಟ್ಟಳು. ಸುತ್ತಿಗೆಯನ್ನು ಮಾವ ಇಸಕೊಂಡರು. ಮೊದಲ ಏಟಿಗೆ ಒಡೆಯಲಿಲ್ಲ, ಎರಡನೆಯದಕ್ಕೂ ಇಲ್ಲ. ಅವರ ಮುಖ ಅರಳುತ್ತಲೇ ಹೋಯಿತು. ಕೊನೆಗೂ ಸೀಳಿದಾಗ ಅವಳು ಒಳಮೈಗೆ ಒಂದು ದ್ರಾವಣ ಸಿಂಪಡಿಸಿದಳು. “ಉಪ್ಪು ಹೊಕ್ಕಿರೋ ಕಡೆ ಬೆಳ್ಳಗಾಗುತ್ತೆ, ಉಳಿದದ್ದು ಕಂದು.”

ಮೂವರೂ ಬಗ್ಗಿ ನೋಡಿದರು. ಮೇಲಂಚಿನಲ್ಲಿ ಉಗುರಗಲ ಬಿಳುಪು ಮೂಡಿ ಅಲ್ಲೇ ನಿಂತಿತು. ಉಪ್ಪು ತಾಗಿದರೆ ತುಕ್ಕು ಹಿಡಿಯುವ ಕಬ್ಬಿಣದ ಸರಳುಗಳಿದ್ದದ್ದು ಅದರಿಂದ ಎಷ್ಟೋ ಕೆಳಗೆ.

“ಇಷ್ಟೇನಾ?”

“ಇಷ್ಟೇ ಮಾವ. ಹೊಸ ಜಲ್ಲಿ ಹಾಕಿದ್ರೂ ಇದಕ್ಕಿಂತ ಹೆಚ್ಚೇನೂ ಬಾಳ್ತಿರಲಿಲ್ಲ.”

ಮಾವ ತುಂಡನ್ನು ಅಂಗೈಯಲ್ಲಿ ಹೊರಳಿಸಿದರು. “ಭೇಷ್ ಕಣಮ್ಮ,” ಎಂದರು. “ನಾನೂ ಕಳಪೆ ಮಾಲು ಹಾಕಿರಲಿಲ್ಲ ಅನ್ನು.”

ತೂತನ್ನು ಬೇರೆ ಯಾರಿಗೂ ಮುಟ್ಟಗೊಡದೆ ಗಾರೆ ಕಲಸಿ ತಾವೇ ತುಂಬಿ, ಸವರಿ ನಯಮಾಡಿದರು. ಅದು ಒಣಗುವವರೆಗೆ ಬಂದ ನೆಂಟರೆಲ್ಲ ಅಡುಗೆಮನೆಯ ಬಾಗಿಲಿನಿಂದಲೇ ಒಳಗೆ ಬರಬೇಕಾಯಿತು.