ಸೋಮಮ್ಮ ಹೊತ್ತ ಒಪ್ಪತ್ತು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಕಿರಂಗೂರಿನ ಕುಳ್ಳಮ್ಮ. ಕಳೆದ ಪುಷ್ಯಮಾಸದಲ್ಲಿ, ತಮ್ಮ ಮನೆಯ ಜಗುಲಿಯ ಮೇಲೆ, ಅವರೆಕಾಯಿ ಸುಲಿಯಲು ಸೇರಿದ್ದ ಹೆಂಗಸರ ನಡುವೆ. ಆಮೇಲೆ ಪಾಂಡವಪುರದಲ್ಲಿ ಇದನ್ನೇ ಇನ್ನೊಬ್ಬರ ಬಾಯಲ್ಲಿ ಕೇಳಿದೆ. ಅಲ್ಲಿ ಕಥೆಯೊಳಗಿನ ಹರಕೆ ಶುಕ್ರವಾರದ ಬದಲು ಸೋಮವಾರದ್ದಾಗಿತ್ತು. ಕುಳ್ಳಮ್ಮ ಕಥೆ ನಡೆದ ಮನೆಯ ಗೋಡೆಗೆ ಗೋಡೆ ತಾಗಿದ ನೆರೆಯವರಾದ್ದರಿಂದ ಅವರು ಹೇಳಿದಂತೆಯೇ ಇಟ್ಟಿದ್ದೇನೆ.

ಪಕ್ಕದ ಮನೆಯ ಸೋಮಮ್ಮನಿಗೆ ಅರ್ಪಿತ ಎಂಬ ಮೊಮ್ಮಗಳು. ತಾಯಿಯಿಲ್ಲದ ಹುಡುಗಿ, ಅಜ್ಜಿಯೇ ಸಾಕಿದ್ದು. ಕಾಲೇಜಿಗೆ ಹೋಗುತ್ತಿದ್ದಾಗ ಊಟ ಬಿಡತೊಡಗಿದಳು. ಮೊದಲು ಅನ್ನ, ಆಮೇಲೆ ಮುದ್ದೆ. ತಟ್ಟೆಯಲ್ಲಿದ್ದುದು ಹಸುವಿನ ಕಲಗಚ್ಚಿನ ಬಾನಿ ಸೇರುತ್ತಿತ್ತು.

"ಆ ವರ್ಸ ಸೋಮಕ್ಕನ ಹಸ ಮೈ ತುಂಬ್ಕೊಂತು, ಹುಡ್ಗಿ ಒಣಗೋದ್ಲು," ಎಂದರು ಕುಳ್ಳಮ್ಮ. ಹೆಂಗಸರು ನಕ್ಕರು. ಅವರು ನಗಲಿಲ್ಲ.

ಒಂದು ಬೆಳಿಗ್ಗೆ ಅರ್ಪಿತ ಬಚ್ಚಲಲ್ಲಿ ಬಿದ್ದಳು. ಮೈಸೂರಿನ ಆಸ್ಪತ್ರೆಯಲ್ಲಿ ಬಹಳ ಕಾಲ ಇರಬೇಕಾಯಿತು. ಇದು ಹಟವಲ್ಲ, ಊಟಕ್ಕೆ ಹೆದರುವ ಕಾಯಿಲೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಒಂದು ಹೊತ್ತೂ ತಪ್ಪದಂತೆ ಉಣ್ಣಬೇಕು; ಮೈ ಸುಧಾರಿಸಿದ ಮೇಲೆ ನಿಧಾನವಾಗಿ ಭಾರ ಎತ್ತುವುದನ್ನು ಕಲಿಯಬಹುದು ಎಂದರು.

ಶ್ರೀರಂಗಪಟ್ಟಣದಲ್ಲಿ ಜಿಮ್ಮು ನಡೆಸುವ ಧರ್ಮೇಂದ್ರ ಹಿಂದೆ ಗರಡಿಯಲ್ಲಿ ಪಳಗಿದವರು. ಸೋಮಮ್ಮ ಮೊಮ್ಮಗಳನ್ನು ಅವರ ಬಳಿ ಕರೆದೊಯ್ದಾಗ ಡಾಕ್ಟರ ಮಾತನ್ನು ಕೇಳಿಸಿಕೊಂಡು, ತೂಕದ ಯಂತ್ರವನ್ನು ಹುಡುಗಿಯ ಕಣ್ಣಿಗೆ ಬೀಳದಂತೆ ಒಳಗಿರಿಸಿದರು.

"ಉಣ್ದೆ ಬಂದ್ರೆ ಕಬ್ಬಿಣ ಮುಟ್ಟಂಗಿಲ್ಲ ಕಣವ್ವ. ಬಾಗ್ಲಲ್ಲೇ ಕೇಳ್ತೀನಿ."

ಮೊದಲು ಅವಳ ಕೈಗೆ ಕೊಟ್ಟದ್ದು ಒಂದು ಬಿದಿರು ಕೋಲು.

"ಇದೇನಣ್ಣ, ದನ ಕಾಯಕ್ಕಾ?"

"ಇದನ್ನೇ ಎಗಲ ಮೇಲೆ ಮಡಿಕ್ಕೊಂಡು ಕೂತು ಏಳು ನೋಡಣ. ದನ ಆಮೇಲೆ ಕಾಯುವೆ."

ಅವಳಿಗೆ ಏಳಲಾಗಲಿಲ್ಲ. ಧರ್ಮೇಂದ್ರ ಕೈಕೊಟ್ಟು ಎಬ್ಬಿಸಿದರು. ಕೋಲು ಹೋಗಿ ಬರಿಯ ಕಬ್ಬಿಣದ ಸರಳು ಬರುವ ವೇಳೆಗೆ ಮಳೆಗಾಲ ಮುಗಿದಿತ್ತು. ಒಂದು ಸಂಜೆ ಅವಳು ತಾನಾಗಿಯೇ ತಟ್ಟೆ ಮುಂದೆ ಚಾಚಿ, "ಅಜ್ಜಿ, ಇನ್ನರ್ಧ ಮುದ್ದೆ ಇಕ್ಕು. ನಾಳಿಕೆ ಸರಳಿಗೆ ತೂಕ ಸೇರುಸ್ತಾರಂತೆ," ಎಂದಳು. ಸೋಮಮ್ಮ ಹಿತ್ತಲಿಗೆ ಹೋಗಿ ಅತ್ತು ಬಂದರು.

ಅಳುವಾಗಲೇ ಅವರಿಗೆ ಹರಕೆಯ ನೆನಪಾಯಿತು. ಹುಡುಗಿ ಆಸ್ಪತ್ರೆಯಲ್ಲಿ ಕಣ್ಣು ತೆರೆಯದಿದ್ದಾಗ ಗಂಜಾಂನ ನಿಮಿಷಾಂಬೆಯ ಮುಂದೆ ನಿಂತು, ಇವಳು ಎದ್ದು ಓಡಾಡಿದರೆ ಇವಳ ಕೈಲಿ ವರ್ಷವಿಡೀ ಶುಕ್ರವಾರದ ಒಪ್ಪತ್ತು ಮಾಡಿಸುತ್ತೇನೆ, ಒಂದೇ ಹೊತ್ತು ಉಣ್ಣುತ್ತಾಳೆ ಎಂದು ಬೇಡಿಕೊಂಡಿದ್ದರು.

"ನೀನೇ ಮಾಡಕ್ಕ, ನಿನ್ ಒಟ್ಟೆಗೇನು ದಾಡಿ?" ಎಂದು ಕುಳ್ಳಮ್ಮ ಬೈದರಂತೆ.

"ಅವಳೆಸ್ರಲ್ಲಿ ಒತ್ತಿವ್ನಿ ಕಣೆ. ನಾನ್ ಮಾಡುದ್ರೆ ಸಲ್ತದಾ? ತಾಯಿ ಕೊಟ್ಟಿದ್ದ ಕಿತ್ಕೊಂಬುಟ್ರೆ?"

ಸೋಮಮ್ಮ ಮೊಮ್ಮಗಳಿಗೆ ಹೇಳಿಯೇ ಬಿಟ್ಟರು. ಅರ್ಪಿತ ಕೇಳಿ, "ಆಗ್ಲಿ ಅಜ್ಜಿ," ಎಂದಳು. ಅಷ್ಟು ಬೇಗ ಒಪ್ಪಿದ್ದಕ್ಕೆ ಸೋಮಮ್ಮ ಹಿಗ್ಗಿದರು. ಕುಳ್ಳಮ್ಮ ಹಿಗ್ಗಲಿಲ್ಲ, ಹುಡುಗಿಯ ಮುಖ ನೋಡಿದರು. ಬಹಳ ದಿನ ತಡೆದಿದ್ದ ಉಸಿರನ್ನು ಬಿಟ್ಟವಳಂತೆ ಆ ಮುಖ ಹಗುರಾಗಿತ್ತಂತೆ.

ಶುಕ್ರವಾರ ಧರ್ಮೇಂದ್ರ ಬಾಗಿಲಲ್ಲಿ ಕೇಳಿದರು. ಹುಡುಗಿ ಸುಳ್ಳಾಡಲಿಲ್ಲ. "ದೇವ್ರಿಗೆ ಕೈ ಮುಗಿ, ಬ್ಯಾಡ ಅನ್ನಕ್ಕಿಲ್ಲ. ನಾಳೆ ಉಂಡ್ಕೊಂಡು ಬಾ," ಎಂದು ಹಿಂದಕ್ಕೆ ಕಳಿಸಿದರು. ಮರುದಿನ ಶನಿವಾರ. ಅವಳು ಹನುಮಂತನಿಗೆಂದು ಅಂದೂ ಉಣ್ಣಲಿಲ್ಲ, ಜಿಮ್ಮಿಗೂ ಹೋಗಲಿಲ್ಲ. ಆಮೇಲೆ ಸೋಮವಾರ ಶಿವನಿಗೆ, ನಡುವೆ ಏಕಾದಶಿ. ಒಪ್ಪತ್ತು ಹೋಗಿ ಬರಿಯ ತೀರ್ಥಕ್ಕೆ ಇಳಿಯಿತು. ಮೊದಲು ಮುದ್ದೆ ಬಿಟ್ಟಾಗ ಊರೇ ಬೈದಿತ್ತು. ಈಗ ಓಣಿಯ ಹೆಂಗಸರು, ಈ ಕಾಲದಲ್ಲೂ ಎಂಥ ಭಕ್ತಿ ಎಂದು ಹೊಗಳಿದರು.

ಧರ್ಮೇಂದ್ರ ಮನೆಗೇ ಬಂದರು. ಅವಳು ಹೊರಗೆ ಬರಲಿಲ್ಲ. ಸೋಮಮ್ಮ ಗಂಜಾಂಗೆ ಓಡಿದರು. ಅರ್ಚಕರು, ರೋಗಿಗೆ ಉಪವಾಸವಿಲ್ಲ, ಹಸಿದವರಿಗೆ ಅನ್ನ ಹಾಕಿದರೆ ಹರಕೆ ತೀರಿತು ಎಂದರು. ಸೋಮಮ್ಮ ದಾರಿಯುದ್ದಕ್ಕೂ ತಾಯಿಯನ್ನು ನೆನೆಯುತ್ತ ಬಂದು, ಮುದ್ದೆ ಮಾಡಿ, ತಟ್ಟೆ ಹಿಡಿದು ಮೊಮ್ಮಗಳ ಮುಂದೆ ಕುಳಿತರು.

"ತೀರೋಯ್ತು ಕಣ್ ಮಗ. ತಾಯೇ ಬುಟ್ಕೊಟ್ಳು. ಉಣ್ಣು."

"ನೀನ್ ಒತ್ತಿದ್ದು ತೀರ್ತು ಅಜ್ಜಿ. ಇದು ನಾನ್ ಒತ್ತಿರದು."

ಸೋಮಮ್ಮ ಕಾಲು ಹಿಡಿದರು. ಹುಡುಗಿ ಅವರನ್ನು ಎತ್ತಲು ಬಾಗಿದಳು, ತೋಳಿನಲ್ಲಿ ಶಕ್ತಿಯಿರಲಿಲ್ಲ. ಇಬ್ಬರೂ ನೆಲದ ಮೇಲೆಯೇ ಕುಳಿತರು.

ಕುಳ್ಳಮ್ಮ ಇಲ್ಲಿಗೆ ನಿಲ್ಲಿಸಿದರು. ಕಾಯಿ ಸುಲಿಯುತ್ತಿದ್ದ ಒಬ್ಬಾಕೆ, "ಈಗ ಉಣ್ತಾವ್ಳಾ?" ಎಂದು ಕೇಳಿದಳು.

"ಇವತ್ತು ಯಾವಾರ?"

"ಬುಧ್ವಾರ."

"ಬುಧ್ವಾರಕ್ಕೂ ಒಂದು ದೇವ್ರು ಸಿಕ್ಕವ್ನೆ ಕಣವ್ವ."

ಗೋಡೆಯಾಚೆ ಯಾರೋ ಕೆಮ್ಮಿದ ಸದ್ದಾಯಿತು. ಹೆಂಗಸರು ದನಿ ತಗ್ಗಿಸಿದರು. ಸೆರಗು ಕೊಡವಿಕೊಂಡು ಒಬ್ಬೊಬ್ಬರಾಗಿ ಎದ್ದು, ಸೋಮಮ್ಮನ ಬಾಗಿಲ ಕಡೆ ನೋಡದೆ, ತಮ್ಮ ತಮ್ಮ ಮನೆಗೆ ಹೋದರು.