ಸೋದರಮಾವನ ತುಣುಕು

ನಾನು ಒಂದು ಹಾರ್ಡ್ ಡಿಸ್ಕ್. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಬಾಳಿದ್ದು ರಾಣೆಬೆನ್ನೂರಿನ ಫಕ್ಕೀರಣ್ಣನ ವಿಡಿಯೋ ಸ್ಟುಡಿಯೋದಲ್ಲಿ. ಊರಿನ ಮದುವೆಗಳೆಲ್ಲ ನನ್ನ ಹೊಟ್ಟೆಗೇ ಬೀಳುತ್ತಿದ್ದವು. ಅವನು ಫೈಲುಗಳಿಗೆ ಇಡುತ್ತಿದ್ದ ಹೆಸರುಗಳೋ, ದೇವರಿಗೇ ಪ್ರೀತಿ: 'ಫೈನಲ್', 'ಹೊಸ ಫೈನಲ್', 'ಖರೇ ಫೈನಲ್'.

ಆಮೇಲೆ ಎಡಿಟಿಂಗ್ ಕಲಿಯಲು ಸುಜಾತಾ ಬಂದಳು. ಚುರುಕು ಹುಡುಗಿ. ಅರಿಶಿಣ, ಧಾರೆ, ಊಟ ಎಂದು ಬೇರೆ ಬೇರೆ ಫೋಲ್ಡರ್ ಮಾಡಿದಳು. ಮೊದಲು ಎಲ್ಲವನ್ನೂ ನೋಡಬೇಕು, ಬೇಕಾದ್ದನ್ನು ಆರಿಸಿ ಜೋಡಿಸಬೇಕು, ಹಾಡು, ಬಣ್ಣ ಕೊನೆಗೆ. ಇದು ಅವಳ ಕ್ರಮ. ವಾರಗಟ್ಟಲೆ ಎಳೆಯುತ್ತಿದ್ದ ಕೆಲಸ ಸರಸರನೆ ಮುಗಿಯತೊಡಗಿತು. ಆದರೆ ಬೇಡವೆನಿಸಿದ್ದನ್ನು ಆಗಲೇ ಅಳಿಸಿಬಿಡುತ್ತಿದ್ದಳು, ಇನ್ನೊಂದು ಪ್ರತಿಯನ್ನೂ ಇಡುತ್ತಿರಲಿಲ್ಲ. ಕ್ಯಾಮೆರಾದ ಕಾರ್ಡು ಅಷ್ಟರಲ್ಲಿ ಖಾಲಿಯಾಗಿ ಮತ್ತೊಂದು ಮದುವೆಗೆ ಹೋಗಿರುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ.

ಒಂದು ದಿನ ಶೇಖರಗೌಡರು ಬಂದರು, ಮದುಮಗಳೊಬ್ಬಳ ಸೋದರಮಾವ. ಮದುಮಗಳ ತಾಯಿಯಾದ ಅಕ್ಕನೊಂದಿಗೆ ವರ್ಷಗಟ್ಟಲೆ ಮಾತು ಬಿಟ್ಟಿದ್ದವರು ಮದುವೆಗೆ ಬಂದು, ಪದ್ಧತಿಯಂತೆ ಸೋದರಸೊಸೆಯನ್ನು ಎತ್ತಿಕೊಂಡು ಮಂಟಪಕ್ಕೆ ತಂದು, ಅಕ್ಕನಿಗೆ ಮುಖ ತೋರಿಸದೆ ಹೊರಟುಹೋಗಿದ್ದರು.

"ನಾ ಹುಡುಗೀನ ಹೊತ್ಕೊಂಡ್ ಬಂದಿದ್ದು ಎಲ್ಲೈತ್ರಿ? ಅಕ್ಕಗ ತೋರಸ್ಬೇಕು. ಆಕಿ ಒಳಗ ಆರತಿ ಸಜ್ಜ ಮಾಡಾಕತ್ತಿದ್ಲು, ನೋಡೇ ಇಲ್ಲ."

ಚಿತ್ರ ಅಲುಗಾಡಿದೆಯೆಂದು ಆ ತುಣುಕನ್ನು ಸುಜಾತಾಳೇ ಅಳಿಸಿದ್ದಳು. ಫಕ್ಕೀರಣ್ಣ ಆಗಲೇ ಹೊಸ ಮದುವೆಯೊಂದನ್ನು ನನ್ನೊಳಗೆ ತುಂಬುತ್ತಿದ್ದ. ಅಳಿಸಿದ್ದು ತಕ್ಷಣ ಹೋಗುವುದಿಲ್ಲ, ಅದರ ಹೆಸರಷ್ಟೇ ಹೋಗುತ್ತದೆ. ಮೇಲೆ ಹೊಸದು ಬಿದ್ದರೆ ಕಥೆ ಮುಗಿಯಿತು. ನನಗೆ ಗೊತ್ತಿತ್ತು, ಹೇಳಲು ಬಾಯಿರಲಿಲ್ಲ.

"ಅಣ್ಣಾ, ನಿಲ್ಸ್ರಿ! ಇದರಾಗ ಇನ್ನ ಏನೂ ಹಾಕಬ್ಯಾಡ್ರಿ!" ಎಂದು ಸುಜಾತಾ ಕೂಗಿದಳು.

ಅಳಿಸಿದ್ದನ್ನು ಹುಡುಕುವ ತಂತ್ರಾಂಶ ಹಾಕಿ ನನ್ನನ್ನು ಕೆದಕಿದರು. ಅರ್ಧ ಸಿಕ್ಕಿತು. ಉಳಿದರ್ಧದ ಮೇಲೆ ಯಾರದೋ ಊಟದ ಪಂಕ್ತಿ ಕುಳಿತಿತ್ತು.

"ತಪ್ಪಾತ್ರಿ. ಸಿಕ್ಕಿದ್ದೂ ಭಾಳ ಅಳ್ಳಾಡತೈತ್ರಿ," ಎಂದಳು ತಲೆ ತಗ್ಗಿಸಿ.

"ಅಳ್ಳಾಡ್ಲಿ ಬಿಡವಾ. ನನ್ನ ಕಾಲೂ ನಡಗತಿದ್ವು."

ಮರುದಿನ ಅವರು ಬೇರೆಯವರ ಕೈಲಿ ಹೇಳಿಕಳಿಸಿ ಅಕ್ಕನನ್ನೇ ಕರೆಸಿದರು. ಇಬ್ಬರೂ ಒಂದೊಂದು ಮೂಲೆಯಲ್ಲಿ ಕುಳಿತು ನೋಡಿದರು.

ಈಗ ಎರಡು ಕಡೆ ಪ್ರತಿ ಇಟ್ಟಮೇಲೇ ಸುಜಾತಾ ಕತ್ತರಿಸಲು ಕೂರುವುದು. ಮನೆಯವರು ನೋಡುವವರೆಗೆ ಏನನ್ನೂ ಅಳಿಸುವುದಿಲ್ಲ. ನನಗೆ ವಯಸ್ಸಾಗಿದೆ, ಚಾಲೂ ಮಾಡಿದರೆ ಕಟಕಟ ಎನ್ನುತ್ತೇನೆ. ಕಪಾಟಿನಲ್ಲಿಟ್ಟಿದ್ದಾರೆ, ಬೇಸರವಿಲ್ಲ. ಎಷ್ಟೋ ಮದುವೆಗಳನ್ನು ಪೂರ್ತಿ ಕಾಪಾಡಿ ಕೊಟ್ಟಿದ್ದೇನೆ, ಅವನ್ನು ಯಾರು ನೋಡಿದರೋ ಕಾಣೆ. ಆ ಒಂದು ತುಣುಕು ಮಾತ್ರ ಮಂಟಪ ಮುಟ್ಟುವ ಮೊದಲೇ ನಿಂತುಹೋಗಿತ್ತು. ಮುಂದೇನಾಯಿತೆಂದು ತಿಳಿಯಲು ಅಕ್ಕ ತಮ್ಮನನ್ನೇ ಕೇಳಬೇಕಾಯಿತು.